ಹಳೆ ಮರ, ಬೈಕಿನ ಸ್ಪ್ರಿಂಗು, ತಾಯಿಯ ಗುಂಡಿ: ಒಂದು ಗಿಟಾರ್ ಹುಟ್ಟಿದ ಬಗೆ

ನಮ್ಮ ಕಡೆ ಹಳೆ ಮನೆ ಕೆಡವುವಾಗ ಎಲ್ಲಕ್ಕಿಂತ ಮೊದಲು ಬೆಲೆ ಕಟ್ಟುವುದು ಮರಕ್ಕೆ. ಹೆಂಚು ಆಮೇಲೆ, ಕೆಂಪು ಕಲ್ಲು ಅದರಾಚೆಗೆ. ಅಜ್ಜನ ಕಾಲದ ಹಲಸಿನ ಬಾಗಿಲು, ಕಿರಾಲುಬೋಗಿಯ ಪಕ್ಕಾಸು, ಇವನ್ನು ಕೇಳಿಕೊಂಡು ಯಾರಾದರೂ ಬಂದೇ ಬರ್ತಾರೆ. ಆ ಹಳೆ ಮರಕ್ಕೆ ಯಾಕೆ ಅಷ್ಟು ಬೆಲೆ ಎಂದು ಬಡಗಿಯನ್ನು ಕೇಳಿದರೆ ಉತ್ತರ ಸರಳ: ಅದು ಒಣಗುವಷ್ಟು ಒಣಗಿ ಆಗಿದೆ, ಇನ್ನು ಬಾಗುವುದು, ಬಿರಿಯುವುದು ಕಡಿಮೆ.

ಈ ಮಾತು ಈಗ ಯಾಕೆ ಬಂತೆಂದರೆ, ಇಂಗ್ಲೆಂಡಿನಲ್ಲಿ ಸುಮಾರು 60 ವರ್ಷಗಳಿಂದ ನುಡಿಯುತ್ತಿರುವ ಒಂದು ಎಲೆಕ್ಟ್ರಿಕ್ ಗಿಟಾರಿನ ಕಥೆ ಅಂಥದೇ ಒಂದು ಹಳೆ ಮರದಿಂದ ಶುರುವಾಗುತ್ತದೆ. ಚಳಿ ದೇಶದ ಮನೆಗಳಲ್ಲಿ ಗೋಡೆಯೊಳಗೆ ಬೆಂಕಿ ಉರಿಸುವ ಗೂಡು ಇರುತ್ತದಲ್ಲ, ಅದರ ಸುತ್ತ ಮಹಾಗನಿ ಮರದ ಚೌಕಟ್ಟು ಕೂರಿಸುವ ಪದ್ಧತಿ ಇತ್ತು. ನೂರು ವರ್ಷದಷ್ಟು ಹಳೆಯ ಅಂಥದೊಂದು ಚೌಕಟ್ಟನ್ನು ಪರಿಚಯದ ಮನೆಯವರೊಬ್ಬರು ಬಿಸಾಡಲು ಹೊರಟಿದ್ದರು. ಅದು ಹದಿನಾರು ವರ್ಷದ ಒಬ್ಬ ಹುಡುಗನ ಕೈಗೆ ಬಂತು. ಹುಡುಗನ ಹೆಸರು ಬ್ರಯಾನ್ ಮೇ. ಮುಂದೆ 'ಕ್ವೀನ್' ಎಂಬ ಸಂಗೀತ ತಂಡದ ಗಿಟಾರ್ ವಾದಕನಾಗಿ ಲೋಕಕ್ಕೆಲ್ಲ ಗೊತ್ತಾದವರು. ಅವರು ಇಂದಿಗೂ ನುಡಿಸುವುದು ಅದೇ ಗಿಟಾರನ್ನು. ಹೆಸರು 'ರೆಡ್ ಸ್ಪೆಷಲ್'.

ಸಂಗೀತ, ಅದರಲ್ಲೂ ರಾಕ್ ಸಂಗೀತ, ನಮ್ಮ ಮನೆಗಳಲ್ಲಿ ಎಲ್ಲರಿಗೂ ಒಪ್ಪಿಗೆಯಾದ ವಿಷಯ ಅಲ್ಲ ಎನ್ನುವುದು ನಮಗೆ ಗೊತ್ತು. ಆ ಚರ್ಚೆಗೆ ನಾವಿಲ್ಲಿ ಇಳಿಯುವುದಿಲ್ಲ. ನಾವು ನೋಡಹೊರಟದ್ದು ಮರ, ಉಕ್ಕು, ತಾಮ್ರದ ತಂತಿ, ಜೊತೆಗೆ ಒಬ್ಬ ತಂದೆಯನ್ನು. ಈ ಕಥೆಯಲ್ಲಿ ಮಗನಷ್ಟೇ ತಂದೆಯೂ ಮುಖ್ಯ ಎಂದು ನಮಗೆ ಕಂಡಿದೆ.

ಕೊಳ್ಳಲು ಹಣವಿಲ್ಲ, ಮಾಡೋಣ

ತಂದೆ ಹ್ಯಾರಲ್ಡ್ ಮೇ ಸರಕಾರದ ವಿಮಾನಯಾನ ಖಾತೆಯಲ್ಲಿ ನಕ್ಷೆಗಾರ. ಲಂಡನ್ನಿನ ಪಶ್ಚಿಮಕ್ಕಿರುವ ಫೆಲ್ತಮ್ ಎಂಬಲ್ಲಿ ಮನೆ. ಸಂಬಳದಲ್ಲಿ ಸಂಸಾರ ತೂಗಿಸುವ ಸಾಧಾರಣ ಕುಟುಂಬ, ಒಬ್ಬನೇ ಮಗ. ಆದರೆ ಹ್ಯಾರಲ್ಡ್ ಅವರ ಕೈ ಸುಮ್ಮನೆ ಕೂರುವ ಕೈಯಲ್ಲ. ಮನೆಯ ರೇಡಿಯೋ ಅವರೇ ಜೋಡಿಸಿದ್ದು, ಟಿವಿ ಕೂಡ ಅವರೇ ಕಟ್ಟಿದ್ದು. ಏನಾದರೂ ಕೆಟ್ಟರೆ ಅಂಗಡಿಗೆ ಒಯ್ಯುವುದಲ್ಲ, ಬಿಚ್ಚಿ ನೋಡುವುದು. ಇಂಥ ಒಬ್ಬರು ನಮ್ಮ ಪ್ರತಿ ಊರಲ್ಲೂ ಇರ್ತಾರೆ, ಅಲ್ವಾ? ಮಿಕ್ಸಿ ಕೆಟ್ಟರೂ ಅವರೇ, ಪಂಪ್ ನಿಂತರೂ ಅವರೇ.

ಮಗನಿಗೆ ಮೊದಲು ಉಕುಲೇಲೆ ಬ್ಯಾಂಜೋ ಕಲಿಸಿದ್ದೂ ತಂದೆಯೇ. ಏಳನೇ ಹುಟ್ಟುಹಬ್ಬಕ್ಕೆ ಒಂದು ಸಾದಾ ಮರದ ಗಿಟಾರ್ ಬಂತು. ಸ್ವಲ್ಪ ದೊಡ್ಡವನಾದ ಮೇಲೆ ಹುಡುಗ ಅದಕ್ಕೆ ಆಯಸ್ಕಾಂತ ಮತ್ತು ತಾಮ್ರದ ತಂತಿಯ ಸುರುಳಿ ಕೂರಿಸಿ, ತಂದೆಯ ರೇಡಿಯೋಗೆ ಸಿಕ್ಕಿಸಿ, ಅದನ್ನು ಎಲೆಕ್ಟ್ರಿಕ್ ಗಿಟಾರ್ ಮಾಡಿಕೊಂಡ. ಆದರೆ ಅವನ ಕಣ್ಣಿದ್ದದ್ದು ಅಮೆರಿಕದ ಫೆಂಡರ್ ಕಂಪೆನಿಯ ಗಿಟಾರ್ ಮೇಲೆ. ಅದಕ್ಕೆ ಆಗ ನೂರು ಪೌಂಡಿಗೂ ಮೇಲೆ ಬೆಲೆ. ಮನೆಗೆ ಅದು ಸಾಧ್ಯವೇ ಇರಲಿಲ್ಲ.

ಹಾಗಾಗಿ 1963ರ ಆಗಸ್ಟ್ ತಿಂಗಳಲ್ಲಿ ತಂದೆ–ಮಗ ಕೂತು ನಕ್ಷೆ ಬರೆದರು. ಕಣ್ಣಂದಾಜಿನ ಕೆಲಸ ಅಲ್ಲವೇ ಅಲ್ಲ. ತಂದೆಯ ಉದ್ಯೋಗವೇ ನಕ್ಷೆ ಬರೆಯುವುದು, ಮಗ ಶಾಲೆಯಲ್ಲಿ ಭೌತಶಾಸ್ತ್ರ ಮತ್ತು ಗಣಿತದಲ್ಲಿ ಮುಂದಿದ್ದವನು. ಕೆಲಸ ಮುಗಿಯಲು ಎರಡು ವರ್ಷದ ಹತ್ತಿರ ಹಿಡಿಯಿತು. ಒಟ್ಟು ಖರ್ಚು ಎಂಟು ಪೌಂಡ್ ಎಂದು ಬ್ರಯಾನ್ ಹೇಳುತ್ತ ಬಂದಿದ್ದಾರೆ.

ಕುತ್ತಿಗೆ ಎಂಬ ಕಷ್ಟದ ಕೆಲಸ

ಗಿಟಾರಿನಲ್ಲಿ ಎಡಗೈ ಹಿಡಿಯುವ ಉದ್ದನೆಯ ಭಾಗಕ್ಕೆ ನೆಕ್, ಅಂದರೆ ಕುತ್ತಿಗೆ ಎನ್ನುತ್ತಾರೆ. ನೋಡಲು ಒಂದು ಉದ್ದ ಕೋಲು, ಅಷ್ಟೆ. ಆದರೆ ಗಿಟಾರ್ ಮಾಡುವವರನ್ನು ಕೇಳಿ, ಇಡೀ ಕೆಲಸದಲ್ಲಿ ಕೈ ನಡುಗುವುದು ಇಲ್ಲಿಯೇ.

ಯಾಕೆಂದರೆ ಆರು ತಂತಿ ಬಿಗಿದಾಗ ಎಲ್ಲ ಸೇರಿ ಸುಮಾರು 40 ಕಿಲೋ ಭಾರದಷ್ಟು ಎಳೆತ ಬೀಳುತ್ತದೆ. ಒಂದು ಮೂಟೆ ಸಿಮೆಂಟಿಗೆ ಹತ್ತು ಕಿಲೋ ಕಡಿಮೆ. ಆ ಎಳೆತ ಒಂದು ದಿನಕ್ಕಲ್ಲ, ಹಗಲೂ ರಾತ್ರಿ, ವರ್ಷಗಟ್ಟಲೆ. ಸೊರಗಿದ ಮರ, ಸರಿಯಾಗಿ ಒಣಗದ ಮರ, ಎಳೆ ಓರೆಯಾದ ಮರ ಹಾಕಿದರೆ ಕುತ್ತಿಗೆ ನಿಧಾನಕ್ಕೆ ಬಿಲ್ಲಿನ ಹಾಗೆ ಮುಂದಕ್ಕೆ ಬಾಗುತ್ತದೆ. ಬಾಗಿದರೆ ತಂತಿ ಮೇಲೆದ್ದು ಬೆರಳಿಗೆ ಸಿಗುವುದಿಲ್ಲ, ಸ್ವರವೂ ತಪ್ಪುತ್ತದೆ. ಇದನ್ನು ತಡೆಯಲು ಕುತ್ತಿಗೆಯ ಒಳಗೆ ಉದ್ದಕ್ಕೆ ಗಾಡಿ ಕೊರೆದು ಉಕ್ಕಿನ ಸರಳು ಕೂರಿಸುತ್ತಾರೆ. ತಂತಿ ಒಂದು ಕಡೆ ಎಳೆದರೆ ಸರಳು ಇನ್ನೊಂದು ಕಡೆಗೆ ತಡೆ ಕೊಡುತ್ತದೆ. ಮೇ ತಂದೆ–ಮಗನೂ ಹಾಗೇ ಸರಳು ಕೂರಿಸಿದರು.

ಈಗ ಆ ಹಳೆ ಮಹಾಗನಿಯ ವಿಷಯ. ಹಳೆಯದಾದ್ದರಿಂದ ಅದು ಚೆನ್ನಾಗಿ ಒಣಗಿತ್ತು, ನಿಜ. ಆದರೆ ಕೆತ್ತಲು ಕೂತಾಗ ಕಷ್ಟ ಕೊಟ್ಟಿತು. ಹಳೆ ಮರ ಗಟ್ಟಿ, ಉಳಿ ಸುಲಭಕ್ಕೆ ಹೋಗುವುದಿಲ್ಲ. ಮೇಲಾಗಿ ಅದರಲ್ಲಿ ಕುಟ್ಟೆ ಹುಳು ಕೊರೆದ ತೂತುಗಳು. ನಮ್ಮ ಬಡಗಿಗಳಾದರೆ 'ಕುಟ್ಟೆ ಹಿಡಿದ ಮರ, ಬೇಡ ಮಾರಾಯ್ರೆ' ಎಂದು ಬದಿಗಿಡುತ್ತಿದ್ದರೇನೋ. ಹುಡುಗನಿಗೆ ಬೇರೆ ಮರ ಇರಲಿಲ್ಲ. ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಮುಚ್ಚಿ ಮುಂದಕ್ಕೆ ಹೋದ. ಆ ಬೆಂಕಿಕಡ್ಡಿಗಳು ಇನ್ನೂ ಅಲ್ಲೇ ಇವೆ.

ಕುತ್ತಿಗೆ ರೂಪಿಸುವುದು ಹೇಗೆ ಎಂದು ಮರಗೆಲಸ ಗೊತ್ತಿರುವ ನಮ್ಮ ಓದುಗರಿಗೆ ಒಂದಿಷ್ಟು ಹೇಳಬೇಕು. ಮೇಲುಗಡೆ, ಅಂದರೆ ತಂತಿ ಇರುವ ಬದಿ, ಸಮತಟ್ಟಾಗಿ ಇರಬೇಕು. ಮೊದಲು ಅದನ್ನು ಸಾಪು ಮಾಡಿಕೊಂಡು, ಸರಳಿನ ಗಾಡಿಯನ್ನೂ ಆಗಲೇ ಕೊರೆಯುತ್ತಾರೆ. ಹಿಂಬದಿ ಉರುಟಾದ ಮೇಲೆ ಗಾಡಿ ಕೊರೆಯಲು ಹೊರಟರೆ ಮರವನ್ನು ಭದ್ರವಾಗಿ ಹಿಡಿದಿಡುವುದೇ ಕಷ್ಟ. ಆಮೇಲೆ ಅಗಲ. ತಲೆಯ ಕಡೆ ಕಿರಿದು, ಒಡಲಿನ ಕಡೆ ಅಗಲ. ಕಡೆಯದಾಗಿ ಹಿಂಬದಿಯ ಉರುಟು. ಇದನ್ನು ಒಂದೇ ಸಲಕ್ಕೆ ಉರುಟು ಮಾಡಲು ಹೋದವರು ಕೆಟ್ಟರು ಎಂದೇ ಲೆಕ್ಕ. ಮೊದಲು ಎರಡು ಮೂಲೆಗಳನ್ನು ಓರೆಯಾಗಿ ಕೀಸಿ ಚಪ್ಪಟೆ ಮುಖ ಮಾಡಬೇಕು, ಆ ಮುಖಗಳ ನಡುವಿನ ಮೂಲೆಯನ್ನು ಮತ್ತೆ ಕೀಸಬೇಕು. ನಾಲ್ಕು ಮುಖ ಎಂಟಾಗಿ, ಎಂಟು ಹದಿನಾರಾಗಿ, ಕೊನೆಗೆ ಅರ ಮತ್ತು ಸ್ಯಾಂಡ್ ಪೇಪರ್ ಹಾಕುವಾಗ ಅದು ತಾನಾಗಿ ಉರುಟಾಗುತ್ತದೆ. ಕೊಡಲಿಗೆ ಕಾವು ಹಾಕುವವರಿಗೆ, ಒನಕೆ ಮಾಡುವವರಿಗೆ ಇದು ಹೊಸ ವಿಷಯ ಅಲ್ಲ.

ಆದರೆ ಕೊಡಲಿಯ ಕಾವಿಗೂ ಇದಕ್ಕೂ ಒಂದು ವ್ಯತ್ಯಾಸ ಉಂಟು. ಇಲ್ಲಿ ಒಂದು ಮಿಲಿಮೀಟರ್ ಹೆಚ್ಚಾದರೂ ಅಂಗೈಗೆ ಗೊತ್ತಾಗುತ್ತದೆ. ಸ್ಕೇಲು ಹಿಡಿದು ಅಳೆದು ಮುಗಿಯುವ ಕೆಲಸವಲ್ಲ. ಸ್ವಲ್ಪ ಕೀಸುವುದು, ಹಿಡಿದು ನೋಡುವುದು, ಕಣ್ಣು ಮುಚ್ಚಿ ಕೈ ಮೇಲೆ ಕೆಳಗೆ ಓಡಿಸುವುದು, ಮತ್ತೆ ಸ್ವಲ್ಪ ಕೀಸುವುದು. ತೆಗೆದ ಮರವನ್ನು ಪುನಃ ಅಂಟಿಸಲಿಕ್ಕೆ ಆಗುವುದಿಲ್ಲವಲ್ಲ. ರೆಡ್ ಸ್ಪೆಷಲ್‌ನ ಕುತ್ತಿಗೆ ಇಂದಿನ ಅಂಗಡಿ ಗಿಟಾರುಗಳಿಗೆ ಹೋಲಿಸಿದರೆ ತುಂಬ ದಪ್ಪ, ಅಗಲವೂ ಹೆಚ್ಚು. ಬೇರೆಯವರು ಹಿಡಿದರೆ ಇದೇನು ಇಷ್ಟು ತೋರ ಎನಿಸುತ್ತದಂತೆ. ಬ್ರಯಾನ್ ಕೈಗೆ ಅದೇ ಸರಿ, ಯಾಕೆಂದರೆ ಅದನ್ನು ಕೆತ್ತಿದ್ದು ಆ ಕೈಯೇ, ಆ ಕೈಯ ಅಳತೆಗೇ. ದೊಡ್ಡ ಯಂತ್ರ ಯಾವುದೂ ಇಲ್ಲ, ಎಲ್ಲ ಕೈ ಉಪಕರಣದ ಕೆಲಸ.

ಕುತ್ತಿಗೆಯ ಮೇಲೆ ಓಕ್ ಮರದ ಪಟ್ಟಿ. ಅದಕ್ಕೆ ಕಪ್ಪು ಬಣ್ಣ ಹಚ್ಚಿದ್ದಾರೆ, ದುಬಾರಿ ಕರಿಮರದಂತೆ ಕಾಣಲೆಂದು. ಆ ಪಟ್ಟಿಯ ಮೇಲೆ ಅಡ್ಡಡ್ಡಕ್ಕೆ ಲೋಹದ ಸಣ್ಣ ಗೀಟುಗಳು, ಇವಕ್ಕೆ ಫ್ರೆಟ್ ಎನ್ನುತ್ತಾರೆ. ಬೆರಳು ಒತ್ತಿದಲ್ಲಿ ತಂತಿ ಈ ಗೀಟಿಗೆ ತಾಗಿ ಗಿಡ್ಡವಾಗುತ್ತದೆ, ಸ್ವರ ಏರುತ್ತದೆ. ಗೀಟು ಎಲ್ಲಿ ಬರಬೇಕು ಎನ್ನುವುದು ಪೂರ್ತಿ ಲೆಕ್ಕ.

ಈ ಲೆಕ್ಕ ಶಾಲೆಗೆ ಹೋಗುವ ಮಕ್ಕಳಿಗೆ ತೋರಿಸಬೇಕಾದ್ದು, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇವೆ. ತಂತಿಯ ಉದ್ದ ಅರ್ಧವಾದರೆ ಅದೇ ಸ್ವರ ಒಂದು ಮಜಲು ಮೇಲೆ ಕೇಳುತ್ತದೆ. ಆ ಅರ್ಧದೊಳಗೆ ಹನ್ನೆರಡು ಮೆಟ್ಟಿಲು ಇರಬೇಕು, ಕಿವಿಗೆ ಎಲ್ಲ ಮೆಟ್ಟಿಲೂ ಸಮ ಎನಿಸಬೇಕು. ಹಾಗಂತ ಅಳತೆಯಲ್ಲಿ ಸಮ ಭಾಗ ಮಾಡಿದರೆ ಅಪಸ್ವರ. ಪ್ರತಿ ಮೆಟ್ಟಿಲಿಗೂ ಉಳಿದ ಉದ್ದವನ್ನು ಸುಮಾರು 1.0595ರಿಂದ ಭಾಗಿಸಬೇಕು. ಎರಡರ ಹನ್ನೆರಡನೇ ಮೂಲ ಅದು, ಹನ್ನೆರಡು ಸಲ ಗುಣಿಸಿದರೆ ಸರಿಯಾಗಿ ಎರಡು ಬರುತ್ತದೆ. ರೆಡ್ ಸ್ಪೆಷಲ್‌ನ ತಂತಿಯ ಉದ್ದ 24 ಇಂಚು, ಅಂದರೆ 609.6 ಮಿಲಿಮೀಟರ್. ಲೆಕ್ಕ ಹಾಕಿ ನೋಡಿ: ಮೊದಲನೇ ಗೀಟು ಸುಮಾರು 34.2 ಮಿ.ಮೀ. ದೂರದಲ್ಲಿ, ಹನ್ನೆರಡನೆಯದು ಸರಿಯಾಗಿ ನಡುವೆ 304.8ರಲ್ಲಿ. ಈ ಗಿಟಾರಿನಲ್ಲಿ ಒಟ್ಟು 24 ಗೀಟು. ಕೊನೆಯ ಎರಡು ಗೀಟುಗಳ ನಡುವೆ ಬರೀ 9 ಮಿ.ಮೀ. ಜಾಗ. ಅಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಕೇಳುವವರ ಮುಖ ಕಿವುಚುತ್ತದೆ. ಹತ್ತನೇ ತರಗತಿಯಲ್ಲಿ 'ಈ ಗಣಿತ ಎಲ್ಲಿ ಉಪಯೋಗಕ್ಕೆ ಬರ್ತದೆ' ಎಂದು ಕೇಳುವ ಮಕ್ಕಳಿಗೆ ನಾವು ಇಲ್ಲಿಯತನಕ ಸರಿಯಾದ ಉತ್ತರ ಕೊಟ್ಟಿರಲಿಲ್ಲ. ಇದೊಂದು ಉತ್ತರ ಇರಲಿ.

ಪಟ್ಟಿಯ ಮೇಲೆ ಬೆರಳಿಗೆ ಜಾಗ ತಿಳಿಯಲೆಂದು ಬಿಳಿ ಚುಕ್ಕಿಗಳಿರುತ್ತವೆ. ಕಂಪೆನಿಯ ಗಿಟಾರಿನಲ್ಲಿ ಇದಕ್ಕೆ ಬೇರೆಯೇ ಸಾಮಾನು ಬರುತ್ತದೆ. ಇಲ್ಲಿ ತಾಯಿ ರೂತ್ ಅವರ ಹೊಲಿಗೆ ಪೆಟ್ಟಿಗೆಯಿಂದ ಮುತ್ತಿನ ಚಿಪ್ಪಿನ ಗುಂಡಿಗಳನ್ನು ತೆಗೆದು ಉರುಟಾಗಿ ಅರೆದು ಕೂರಿಸಿದರು. ಏಳರಲ್ಲಿ ಎರಡು, ಹನ್ನೆರಡರಲ್ಲಿ ಮೂರು, ಹತ್ತೊಂಬತ್ತರಲ್ಲಿ ಎರಡು, ಇಪ್ಪತ್ತನಾಲ್ಕರಲ್ಲಿ ಮತ್ತೆ ಮೂರು.

ಮನೆಯಲ್ಲಿ ಸಿಕ್ಕಿದ್ದೆಲ್ಲ ಬಂತು

ಒಡಲಿನ ಕಥೆ ಬೇಗ ಹೇಳಿಬಿಡಬಹುದು. ನಡುವಿಗೆ ಹಳೆ ಮೇಜಿನ ಓಕ್ ಮರ, ಸುತ್ತ ಪ್ಲೈವುಡ್ ಅಂಗಡಿಯಲ್ಲಿ ಸಿಗುವಂಥ ಬ್ಲಾಕ್ ಬೋರ್ಡ್. ಒಳಗೆ ಅಲ್ಲಲ್ಲಿ ಟೊಳ್ಳು ಬಿಟ್ಟಿದ್ದಾರೆ, ಅದು ಉದ್ದೇಶಪೂರ್ವಕ. ಸ್ಪೀಕರಿನ ಸದ್ದು ಗಿಟಾರಿನ ಮೈಗೆ ಬಡಿದು ತಂತಿಯನ್ನು ಮತ್ತೆ ಕಂಪಿಸುವಂತೆ ಮಾಡಬೇಕು, ಸ್ವರ ನಿಲ್ಲದೆ ಹಾಡುತ್ತಿರಬೇಕು ಎನ್ನುವುದು ಹುಡುಗನ ಲೆಕ್ಕಾಚಾರ. ಮೇಲೆ ಮಹಾಗನಿಯ ತೆಳು ವೆನೀರ್ ಅಂಟಿಸಿ, ಬಣ್ಣ ಏರಿಸಿ ಹೊಳಪು ಕೊಟ್ಟರು. ಕೆಂಪಾಗಿ ಕಂಡಿತು, ಹೆಸರೂ ಹಾಗೇ ಬಂತು.

ತಂತಿಯ ಬಿಗಿತವನ್ನು ಕ್ಷಣಕಾಲ ಇಳಿಸಿ ಏರಿಸಿ ಸ್ವರವನ್ನು ಅಲುಗಾಡಿಸುವ ಸನ್ನೆಕೋಲೊಂದು ಈ ಗಿಟಾರಿನಲ್ಲಿದೆ. ಆ ಕಾಲದ ಒಳ್ಳೆ ಕಂಪೆನಿ ಗಿಟಾರುಗಳಲ್ಲಿ ಸಹ ಇದನ್ನು ಅಲುಗಾಡಿಸಿದ ಮೇಲೆ ಶ್ರುತಿ ತಪ್ಪುತ್ತಿತ್ತು. ಕಾರಣ ಘರ್ಷಣೆ. ತಂತಿ ಎಲ್ಲೋ ಒಂದು ಕಡೆ ಉಜ್ಜಿಕೊಂಡು ಹೋಗಿ ವಾಪಸು ತನ್ನ ಜಾಗಕ್ಕೆ ಬರುವುದಿಲ್ಲ. ತಂದೆ–ಮಗ ಘರ್ಷಣೆ ಆಗುವ ಜಾಗಗಳನ್ನೆಲ್ಲ ಒಂದೊಂದಾಗಿ ಹುಡುಕಿದರು. ಚಾಕುವಿನ ಅಂಚಿನಂತೆ ಚೂಪು ಮಾಡಿ ಗಡಸುಗೊಳಿಸಿದ ಉಕ್ಕಿನ ಮೇಲೆ ಇಡೀ ಭಾಗ ತಕ್ಕಡಿಯ ದಂಡಿಗೆಯ ಹಾಗೆ ಓಲಾಡುತ್ತದೆ. ತಂತಿಗಳು ಹಾಯುವಲ್ಲಿ ಪ್ರತಿಯೊಂದಕ್ಕೂ ಪುಟ್ಟ ಉರುಳೆ. ತಂತಿಯ ಎಳೆತಕ್ಕೆ ಎದುರಾಗಿ ನಿಲ್ಲಲು ಎರಡು ಸ್ಪ್ರಿಂಗು ಬೇಕಾಯಿತು. ಅವು 1928ರ ಪ್ಯಾಂಥರ್ ಮೋಟಾರ್ ಬೈಕಿನ ಎಂಜಿನ್ ವಾಲ್ವಿನ ಸ್ಪ್ರಿಂಗುಗಳು. ಕೈಯಲ್ಲಿ ಹಿಡಿದು ಅಲುಗಾಡಿಸುವ ಕೋಲು ಸೈಕಲಿನ ಸೀಟಿನ ಹಿಂದೆ ಚೀಲ ನೇತುಹಾಕುವ ಕಂಬಿಯಿಂದ ಬಂತು. ಆ ಕೋಲಿನ ತುದಿಗೆ ತಾಯಿಯ ಸ್ವೆಟರ್ ಹೆಣೆಯುವ ಕಡ್ಡಿಯ ತುಂಡು. ಗುಂಡಿ ಕೊಟ್ಟದ್ದು ಸಾಲದೆಂದು ಕಡ್ಡಿಯನ್ನೂ ಕೊಡಬೇಕಾಯಿತು ಪಾಪ ಆ ತಾಯಿ.

ಗಮನಿಸಿ, ಇದು ಬರೀ ಬಡತನದ ಜಾಣತನವಲ್ಲ. ಕೈಗೆ ಸಿಕ್ಕಿದ್ದನ್ನು ಜೋಡಿಸಿದ್ದಲ್ಲ ಇದು. ಏನು ಬೇಕೆಂದು ಮೊದಲು ಲೆಕ್ಕ ಹಾಕಿ, ಆ ಲೆಕ್ಕಕ್ಕೆ ಕೂಡುವ ವಸ್ತು ಮನೆಯಲ್ಲಿ ಎಲ್ಲಿದೆ ಎಂದು ಹುಡುಕಿದ್ದು. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಒಂದು ಕಡೆ ಮಾತ್ರ ಮನೆ ಸಾಮಾನು ಸೋತಿತು. ತಂತಿಯ ಕಂಪನವನ್ನು ವಿದ್ಯುತ್ತಾಗಿ ಬದಲಿಸುವ ಭಾಗಕ್ಕೆ ಪಿಕಪ್ ಎನ್ನುತ್ತಾರೆ. ಆಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಬೇಕು. ಮೇಲೆ ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಡೈನಮೋ ತತ್ತ್ವವೇ. ಹುಡುಗ ಸುತ್ತುವ ಯಂತ್ರವನ್ನೂ ತಾನೇ ಮಾಡಿಕೊಂಡು ಪಿಕಪ್ ತಯಾರಿಸಿದ. ಸ್ವರ ಚೆನ್ನಾಗಿಯೇ ಬಂತು. ಆದರೆ ಬೆರಳಿನಿಂದ ತಂತಿಯನ್ನು ಅಡ್ಡಕ್ಕೆ ಎಳೆದಾಗ ಕೆಟ್ಟ ಸದ್ದು. ಪಕ್ಕಪಕ್ಕದ ಆಯಸ್ಕಾಂತಗಳಲ್ಲಿ ಒಂದರ ಉತ್ತರ ಮೇಲೆ, ಇನ್ನೊಂದರ ದಕ್ಷಿಣ ಮೇಲೆ ಇಟ್ಟದ್ದೇ ಕಾರಣ. ಕೊನೆಗೆ ಬರ್ನ್ಸ್ ಕಂಪೆನಿಯ ಮೂರು ಪಿಕಪ್ ಕೊಂಡುತಂದರು. ಕೊಂಡದ್ದನ್ನೂ ಹಾಗೇ ಹಾಕಲಿಲ್ಲ, ಕೀರಲು ಶಬ್ದ ಬಾರದಿರಲೆಂದು ಒಳಗೆ ಆರಾಲ್ಡೈಟ್ ಅಂಟು ಸುರಿದು ಗಟ್ಟಿ ಮಾಡಿದರು. ಪ್ರತಿ ಪಿಕಪ್ಪಿಗೂ ಎರಡೆರಡು ಸ್ವಿಚ್. ಒಂದು ಅದನ್ನು ಚಾಲೂ ಮಾಡಲು, ಇನ್ನೊಂದು ಅದರ ದಿಕ್ಕು ತಿರುಗಿಸಲು. ಈ ಆರು ಸ್ವಿಚ್ಚುಗಳಿಂದ ಬರುವಷ್ಟು ಬಗೆಬಗೆಯ ಸ್ವರ ಬೇರೆ ಗಿಟಾರಿನಲ್ಲಿ ಸಿಗುವುದು ಕಷ್ಟ.

ತಂತಿ ಮೀಟಲು ಪ್ಲಾಸ್ಟಿಕ್ ಬಿಲ್ಲೆ ಬಳಸುವುದು ವಾಡಿಕೆ. ಬ್ರಯಾನ್ ಬಳಸುವುದು ಹಳೆಯ ಆರು ಪೆನ್ನಿಯ ನಾಣ್ಯ. ಅದರ ಅಂಚಿನ ಗೆರೆಗಳು ತಂತಿಗೆ ತಾಗುವ ಸದ್ದು ಅವರಿಗೆ ಇಷ್ಟ.

ಡಾಕ್ಟರೇಟ್ ಬಿಟ್ಟ ಮಗ

ಇಲ್ಲಿಯವರೆಗೆ ಎಲ್ಲ ಚೆಂದ. ತಂದೆ ಹೇಳಿಕೊಟ್ಟರು, ಮಗ ಕಲಿತ. ಮಗ ಲಂಡನ್ನಿನ ಇಂಪೀರಿಯಲ್ ಕಾಲೇಜು ಸೇರಿ ಭೌತಶಾಸ್ತ್ರದಲ್ಲಿ ಪದವಿ ಪಡೆದ. ಆಮೇಲೆ ಖಗೋಳ ವಿಜ್ಞಾನದಲ್ಲಿ ಪಿಎಚ್‌.ಡಿ.ಗೆ ಸೇರಿದ. ಸೂರ್ಯನ ಸುತ್ತ ಗ್ರಹಗಳ ನಡುವೆ ಹರಡಿರುವ ಧೂಳು ಹೇಗೆ ಚಲಿಸುತ್ತದೆ ಎನ್ನುವುದು ವಿಷಯ. ಒಬ್ಬನೇ ಮಗ, ವಿಜ್ಞಾನಿ ಆಗ್ತಾನೆ. ಯಾವ ತಂದೆಗೆ ಎದೆ ಉಬ್ಬುವುದಿಲ್ಲ?

1970ರಲ್ಲಿ ಕ್ವೀನ್ ತಂಡ ಹುಟ್ಟಿತು. 1973ರಲ್ಲಿ ಮೊದಲ ಆಲ್ಬಮ್ ಬಂತು. ಸ್ವಲ್ಪ ಸಮಯದಲ್ಲೇ ಮಗ ಪಿಎಚ್‌.ಡಿ.ಯನ್ನು ಅರ್ಧಕ್ಕೆ ಬಿಟ್ಟು ಗಿಟಾರ್ ಹಿಡಿದು ಹೊರಟ. ತಂದೆಗೆ ಇದು ಸಹಿಸಲಿಕ್ಕೆ ಆಗಲಿಲ್ಲ. ಒಂದೂವರೆ ವರ್ಷದಷ್ಟು ಕಾಲ ತಮ್ಮಿಬ್ಬರ ನಡುವೆ ಮಾತೇ ಇರಲಿಲ್ಲ ಎಂದು ಬ್ರಯಾನ್ ನೆನಪಿಸಿಕೊಂಡಿದ್ದಾರೆ.

ನಮಗೆ ಈ ಭಾಗ ಓದುವಾಗ ಹ್ಯಾರಲ್ಡ್ ಅವರ ಮೇಲೆ ಸಿಟ್ಟು ಬರಲಿಲ್ಲ. ಗಿಟಾರಿನ ಪ್ರತಿ ಸ್ಕ್ರೂ ಹಿಂದೆ ಇದ್ದದ್ದು ಅವರ ಕೈ. ಅವರು ಕೊಟ್ಟದ್ದು ಒಂದು ಹವ್ಯಾಸ, ಓದಿನ ಜೊತೆಗೆ ಇರಲಿ ಎಂದು. ಅದೇ ಹವ್ಯಾಸ ಓದನ್ನು ನುಂಗಿದಾಗ, ತಾನು ಮಾಡಿಕೊಟ್ಟ ವಸ್ತುವೇ ತನಗೆ ಎದುರು ನಿಂತಂತೆ ಅವರಿಗೆ ಅನಿಸಿರಬಹುದು. ಇಂಜಿನಿಯರಿಂಗ್ ಅರ್ಧದಲ್ಲಿ ಬಿಟ್ಟು ಬೇರೆ ದಾರಿ ಹಿಡಿದ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಊಟಕ್ಕೆ ಕೂತರೂ ಬಾಪ ಒಂದು ಮಾತು ಆಡುವುದಿಲ್ಲ, ಉಮ್ಮ ನಡುವೆ ಸಿಕ್ಕಿಬಿದ್ದು ಇಬ್ಬರಿಗೂ ಸುದ್ದಿ ಮುಟ್ಟಿಸುತ್ತಾಳೆ. ಆ ಮೌನ ಎಷ್ಟು ಭಾರ ಎಂದು ಅನುಭವಿಸಿದವರಿಗೆ ಗೊತ್ತು. ಹಾಗೆಂದು ಮಗ ಮಾಡಿದ್ದೇ ಸರಿ ಎಂದೂ ನಾವು ಹೇಳುವುದಿಲ್ಲ. ಅವರ ತಂಡ ಗೆದ್ದಿತು, ಅದಕ್ಕೆ ಇವತ್ತು ಈ ಕಥೆ ಬರೆಯುತ್ತಿದ್ದೇವೆ. ಗೆಲ್ಲದ ತಂಡಗಳು ಅದೇ ಲಂಡನ್ನಿನಲ್ಲಿ ಎಷ್ಟಿದ್ದವೋ.

ತಂಡ ಹೆಸರು ಮಾಡಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕಾರ್ಯಕ್ರಮ ಕೊಡುವ ಮಟ್ಟಕ್ಕೆ ಬಂದಾಗ ಮಗ ತಂದೆ–ತಾಯಿಯನ್ನು ಅಲ್ಲಿಗೆ ಕರೆಸಿಕೊಂಡರು. ಕರೆಸಿದ್ದು ಕಾನ್‌ಕಾರ್ಡ್ ವಿಮಾನದಲ್ಲಿ. ಅದರಲ್ಲಿ ಒಂದು ಅರ್ಥ ಇತ್ತು. ಆ ವಿಮಾನದ ಉಪಕರಣಗಳ ಕೆಲಸದಲ್ಲಿ ಹ್ಯಾರಲ್ಡ್ ಅವರ ಪಾಲಿತ್ತು, ಆದರೆ ಅದರಲ್ಲಿ ಕೂತು ಹಾರುವ ಯೋಗ ಅವರಿಗೆ ಬಂದಿರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ತಂದೆ ಬಂದು, ನಿನಗೆ ಇದು ಯಾಕೆ ಬೇಕಿತ್ತೆಂದು ಈಗ ಅರ್ಥವಾಯಿತು ಎಂಬರ್ಥದ ಮಾತು ಹೇಳಿದರು ಎಂದು ಬ್ರಯಾನ್ ಹೇಳಿಕೊಂಡಿದ್ದಾರೆ. ಹ್ಯಾರಲ್ಡ್ 1988ರಲ್ಲಿ ತೀರಿಕೊಂಡರು.

ಅದೇ ಫೆಲ್ತಮ್, ಇನ್ನೊಂದು ಮನೆ

ನಡುವೆ ಒಂದು ಉಪಕಥೆ ಹೇಳದೆ ಬಿಡಲು ಮನಸ್ಸು ಬರುತ್ತಿಲ್ಲ. ತಂದೆ–ಮಗ ಗಿಟಾರ್ ಕೆತ್ತುತ್ತಿದ್ದ 1964ರಲ್ಲೇ ಆಫ್ರಿಕಾದ ಝಾಂಜಿಬಾರ್‌ನಲ್ಲಿ ಕ್ರಾಂತಿ ನಡೆದು ಅಲ್ಲಿದ್ದ ಭಾರತೀಯ ಮೂಲದ ಅನೇಕ ಕುಟುಂಬಗಳು ಊರು ಬಿಡಬೇಕಾಯಿತು. ಅವುಗಳಲ್ಲಿ ಒಂದು ಗುಜರಾತಿ ಮಾತಾಡುವ ಪಾರ್ಸಿ ಕುಟುಂಬ, ಬುಲ್ಸಾರಾ ಎಂದು ಮನೆತನದ ಹೆಸರು. ಅವರು ಬಂದು ನೆಲೆಸಿದ್ದು ಇದೇ ಫೆಲ್ತಮ್‌ನಲ್ಲಿ, ಮೇ ಕುಟುಂಬದ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ. ಮಗ ಫಾರೂಕ್ ಬುಲ್ಸಾರಾ ಮಹಾರಾಷ್ಟ್ರದ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದವನು. ಆ ಕಾಲದಲ್ಲಿ ಇಬ್ಬರು ಹುಡುಗರಿಗೂ ಒಬ್ಬರ ಪರಿಚಯ ಇನ್ನೊಬ್ಬರಿಗೆ ಇರಲಿಲ್ಲ. ಕೆಲವು ವರ್ಷಗಳ ನಂತರ ಭೇಟಿಯಾಗಿ ಕ್ವೀನ್ ತಂಡ ಕಟ್ಟಿದರು. ಫಾರೂಕ್ ಅಷ್ಟರಲ್ಲಿ ಹೆಸರು ಬದಲಿಸಿಕೊಳ್ಳುವವನಿದ್ದ: ಫ್ರೆಡ್ಡಿ ಮರ್ಕ್ಯುರಿ. ಆ ಫೆಲ್ತಮ್ ಮನೆಯ ಗೋಡೆಗೆ 2016ರಲ್ಲಿ ಸ್ಮಾರಕದ ನೀಲಿ ಫಲಕ ಹಾಕಿದ್ದಾರೆ.

ಇದೇ ತಂಡದ ಜಾನ್ ಡೀಕನ್ ಕೂಡ ಕೈಕೆಲಸದವನೇ. 1972ರಲ್ಲಿ ರಸ್ತೆ ಬದಿಯ ಕಸದ ತೊಟ್ಟಿಯಲ್ಲಿ ಸಿಕ್ಕ ಸರ್ಕ್ಯೂಟ್ ಬೋರ್ಡನ್ನು ತಂದು, ಹಳೆ ಸ್ಪೀಕರ್ ಪೆಟ್ಟಿಗೆಯಲ್ಲಿ ಕೂರಿಸಿ ಒಂದು ಪುಟ್ಟ ಆಂಪ್ಲಿಫಯರ್ ಮಾಡಿದ. 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಅದನ್ನು ರೆಡ್ ಸ್ಪೆಷಲ್‌ಗೆ ಜೋಡಿಸಿ ಎಷ್ಟೋ ಧ್ವನಿಮುದ್ರಣ ಮಾಡಿದ್ದಾರೆ.

ರೆಡ್ ಸ್ಪೆಷಲ್ ಆಮೇಲೆ ಹೋಗದ ಜಾಗವಿಲ್ಲ. 1985ರ ಜುಲೈ 13ರಂದು ಇಥಿಯೋಪಿಯಾದ ಬರಗಾಲ ಪೀಡಿತರಿಗಾಗಿ ನಡೆದ ಲೈವ್ ಏಡ್ ಕಾರ್ಯಕ್ರಮದಲ್ಲಿ ಅದು ವೆಂಬ್ಲಿ ಮೈದಾನದಲ್ಲಿತ್ತು. 2002ರಲ್ಲಿ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವಕ್ಕೆ ಬಕಿಂಗ್‌ಹ್ಯಾಮ್ ಅರಮನೆಯ ಮಾಡಿನ ಮೇಲೆ ನಿಂತು ಬ್ರಯಾನ್ ನುಡಿಸಿದ್ದೂ ಅದನ್ನೇ. ಕಂಪೆನಿಗಳು ಈಗ ಅದರ ನಕಲು ಮಾಡಿ ಮಾರುತ್ತವೆ. ಹುಳು ತಿಂದ ತೂತನ್ನು ಮಾತ್ರ ಯಾರೂ ನಕಲು ಮಾಡುವುದಿಲ್ಲ.

ಬಿಟ್ಟ ಪಿಎಚ್‌.ಡಿ. ಏನಾಯಿತು ಎಂದು ಕೇಳುತ್ತೀರಿ. ಹಳೆಯ ಕಾಗದಪತ್ರಗಳನ್ನು ತೆಗೆದು, ನಡುವಿನ ಮೂರು ದಶಕದಲ್ಲಿ ಆ ವಿಷಯದಲ್ಲಿ ಬೇರೆಯವರು ಮಾಡಿದ್ದನ್ನೆಲ್ಲ ಓದಿ, ಬ್ರಯಾನ್ ಪ್ರಬಂಧ ಬರೆದು ಮುಗಿಸಿದರು. 2007ರಲ್ಲಿ ಇಂಪೀರಿಯಲ್ ಕಾಲೇಜು ಅವರಿಗೆ ಡಾಕ್ಟರೇಟ್ ಕೊಟ್ಟಿತು. ಆಗ ಅವರಿಗೆ 60 ವರ್ಷ. ನೋಡಲು ತಂದೆ ಇರಲಿಲ್ಲ.

ಗಿಟಾರಿಗೆ 1998ರಲ್ಲಿ ಒಮ್ಮೆ ದೊಡ್ಡ ದುರಸ್ತಿ ಆಗಿದೆ. ಆಸ್ಟ್ರೇಲಿಯಾದ ಗಿಟಾರ್ ತಯಾರಕ ಗ್ರೆಗ್ ಫ್ರೈಯರ್ ಅದನ್ನು ಪೂರ್ತಿ ಬಿಚ್ಚಿ, ಸವೆದದ್ದನ್ನು, ಜಜ್ಜಿದ್ದನ್ನು ಸರಿ ಮಾಡಿದರು. ಹ್ಯಾರಲ್ಡ್ ತೀರಿಕೊಂಡು ಆಗ ಹತ್ತು ವರ್ಷವಾಗಿತ್ತು. ಹದಿನಾರರ ಹುಡುಗ ಕೀಸಿದ ಕುತ್ತಿಗೆ ಮಾತ್ರ ಈಗಲೂ ಅದೇ, ಬೆಂಕಿಕಡ್ಡಿಗಳ ಸಮೇತ.